ಮರದ ಬೆಂಚೋ, ಪ್ಲಾಸ್ಟಿಕ್ ಬೆಂಚೋ? ಬೆಲೆ ಬೇರೆ, ಖರ್ಚು ಬೇರೆ

ಮುಂಗಾರು ಹಿಡಿದ ಮೇಲಿನ ಒಂದು ಭಾನುವಾರ ಬೆಳಗ್ಗೆ ಯಾವುದಾದರೂ ಬಡಾವಣೆಯ ಉದ್ಯಾನಕ್ಕೆ ಹೋಗಿ ನೋಡಿ. ರಾತ್ರಿಯಿಡೀ ಸುರಿದ ಮಳೆ ಆಗಷ್ಟೇ ನಿಂತಿದೆ. ವಾಕಿಂಗ್ ಮುಗಿಸಿದ ಹಿರಿಯರು ಕೂರಲು ಜಾಗ ಹುಡುಕುತ್ತಿದ್ದಾರೆ. ಹೊಂಗೆಯ ನೆರಳಿನಲ್ಲಿರುವ ಮರದ ಬೆಂಚಿನ ನಡುವಿನ ಪಟ್ಟಿ ಮುರಿದಿದೆ. ಉಳಿದ ಪಟ್ಟಿಗಳು ನೆನೆದು ಕಪ್ಪಾಗಿವೆ, ಮೊಳೆಗಳ ಸುತ್ತ ತುಕ್ಕಿನ ಕಲೆ ಹರಡಿದೆ. ಅದರ ಎದುರಿಗೆ ಹೊಸದಾಗಿ ತಂದು ಕೂರಿಸಿದ ಕಂದು ಬಣ್ಣದ ಬೆಂಚು. ದೂರದಿಂದ ಮರದ್ದೇ ಅನ್ನಿಸುತ್ತದೆ, ಕೈಯಿಟ್ಟರೆ ಪ್ಲಾಸ್ಟಿಕ್. ಒಬ್ಬರು ಕರವಸ್ತ್ರದಿಂದ ನೀರು ಒರೆಸಿ ಕೂತುಬಿಡುತ್ತಾರೆ. ಇನ್ನೊಬ್ಬರು ಬೆರಳಿನಿಂದ ತಟ್ಟಿ ನೋಡಿ, ‘ಇದಕ್ಕೆ ಎಷ್ಟು ಸುರಿದರೋ’ ಎನ್ನುತ್ತಾರೆ.

ಕೇಳಬೇಕಾದ ಪ್ರಶ್ನೆಯೇ ಅದು. ಉದ್ಯಾನ, ಕೆರೆ ಏರಿ, ಬಸ್ ನಿಲ್ದಾಣ, ಶಾಲೆಯ ಅಂಗಳ, ಅಪಾರ್ಟ್‌ಮೆಂಟ್ ಆವರಣ – ಎಲ್ಲೆಡೆ ಈಗ ಮರುಬಳಕೆಯ ಪ್ಲಾಸ್ಟಿಕ್ಕಿನ ಬೆಂಚುಗಳು ಬರತೊಡಗಿವೆ. ಮಾರುವವರು ‘ಒಮ್ಮೆ ಹಾಕಿದರೆ ಆಯಿತು, ಮತ್ತೆ ನೋಡುವ ಹಾಗಿಲ್ಲ’ ಎಂದು ಭರವಸೆ ಕೊಡುತ್ತಾರೆ. ಮರ ಮೆಚ್ಚುವವರು ‘ತೇಗದ ಮುಂದೆ ಇದೆಲ್ಲ ಏನು’ ಎಂದು ತಲೆಯಾಡಿಸುತ್ತಾರೆ. ಎರಡು ಮಾತಿನಲ್ಲೂ ಸತ್ಯವಿದೆ, ಆದರೆ ಅರ್ಧ ಮಾತ್ರ. ಪೂರ್ತಿ ಸತ್ಯ ತಿಳಿಯಬೇಕಾದರೆ ಬಿಲ್ಲಿನಲ್ಲಿ ಬರೆದ ಮೊತ್ತ ನೋಡಿದರೆ ಸಾಲದು. ಆ ಬೆಂಚು ಎಷ್ಟು ವರ್ಷ ಜನರನ್ನು ಕೂರಿಸುತ್ತದೆ, ಅಷ್ಟು ವರ್ಷ ಅದಕ್ಕೆ ಏನೇನು ಮಾಡಬೇಕಾಗುತ್ತದೆ ಎಂಬುದನ್ನೂ ಲೆಕ್ಕ ಹಾಕಬೇಕು.

ಮರದ ಲೆಕ್ಕ ಘನ ಅಡಿಯಲ್ಲಿ

ಮರ ಬಿಕರಿಯಾಗುವುದು ಘನ ಅಡಿಯಲ್ಲಿ. ಸಾಮಿಲ್ ಭಾಷೆಯಲ್ಲಿ ಸಿಎಫ್‌ಟಿ. ಐದು ಅಡಿ ಉದ್ದದ, ಬೆನ್ನಿಗೆ ಒರಗು ಇರುವ ಬೆಂಚಿಗೆ ಮೂರು ಅಂಗುಲ ಅಗಲ, ಒಂದೂವರೆ ಅಂಗುಲ ದಪ್ಪದ ಎಂಟು ಪಟ್ಟಿ ಬೇಕೆಂದುಕೊಳ್ಳೋಣ. ಅಷ್ಟಕ್ಕೆ ಒಂದೂಕಾಲು ಘನ ಅಡಿ ಮರ ಸಾಕು. ಕೊಯ್ಯುವಾಗ, ಕೀಸುವಾಗ ಹೋಗುವ ಮರವನ್ನೂ ಸೇರಿಸಿದರೆ ಒಂದೂವರೆ ಘನ ಅಡಿ ಕೊಳ್ಳಬೇಕು. ಕಾಲುಗಳನ್ನೂ ಮರದಲ್ಲೇ ಮಾಡಿಸಿದರೆ ಇನ್ನೊಂದಷ್ಟು ಹೆಚ್ಚು. ಸಾರ್ವಜನಿಕ ಜಾಗಗಳಲ್ಲಿ ಸಾಮಾನ್ಯವಾಗಿ ಬೀಡು ಕಬ್ಬಿಣದ ಕಾಲು ಹಾಕಿ, ಮೇಲೆ ಪಟ್ಟಿ ಬಿಗಿಯುತ್ತಾರೆ.

ಬೆಲೆ ಎಲ್ಲಿ ಏರುತ್ತದೆ ಎಂದರೆ ಮರದ ಜಾತಿಯಲ್ಲಿ. ತೇಗಕ್ಕೂ ಸಿಲ್ವರ್ ಓಕ್‌ನಂಥ ತೋಟದ ಮರಕ್ಕೂ ಹಲವು ಪಟ್ಟು ಅಂತರವಿರುತ್ತದೆ. ತೇಗದಲ್ಲೇ ದಾಂಡೇಲಿಯದು ಬೇರೆ ದರ, ಹೊರದೇಶದ್ದು ಬೇರೆ ದರ. ಮ್ಯಾನ್ಮಾರ್ 2014ರ ಏಪ್ರಿಲ್‌ನಿಂದ ದಿಮ್ಮಿಗಳ ರಫ್ತು ನಿಲ್ಲಿಸಿದ ಮೇಲೆ ಆಫ್ರಿಕಾ, ಲ್ಯಾಟಿನ್ ಅಮೆರಿಕದ ತೋಟಗಳ ತೇಗ ನಮ್ಮ ಮಾರುಕಟ್ಟೆಯಲ್ಲಿ ಹೆಚ್ಚು ಕಾಣುತ್ತಿದೆ. ರೈತರು ಹೊಲದ ಬದುವಿನಲ್ಲಿ ಬೆಳೆದ ತೇಗವೂ ಸಿಗುತ್ತದೆ. ಆದರೆ ಅದನ್ನು ಕಡಿದು ಸಾಗಿಸಲು ಅರಣ್ಯ ಇಲಾಖೆಯ ಅನುಮತಿ, ಪಾಸು ಬೇಕು. ಆ ಓಡಾಟದ ಖರ್ಚೂ ಕೊನೆಗೆ ಬೆಲೆಯಲ್ಲೇ ಕೂರುತ್ತದೆ.

ಚೇಗು ಇದ್ದರೆ ಬಾಳಿಕೆ

ತೇಗದ ದಿಮ್ಮಿಯನ್ನು ಅಡ್ಡ ಕೊಯ್ದ ಜಾಗದಲ್ಲಿ ಹತ್ತಿರದಿಂದ ನೋಡಿ. ನಡುವೆ ಹೊಂಗಂದು ಬಣ್ಣದ ಗಟ್ಟಿ ಭಾಗ, ಅದರ ಸುತ್ತ ಮಾಸಲು ಬಿಳಿಯ ಬಳೆ. ನಡುವಿನದೇ ಚೇಗು. ಅದರಲ್ಲಿ ಮರವೇ ತುಂಬಿಟ್ಟ ಎಣ್ಣೆಯಂಶವಿದೆ, ಗೆದ್ದಲಿಗೂ ಶಿಲೀಂಧ್ರಕ್ಕೂ ರುಚಿಸದ ರಾಸಾಯನಿಕಗಳಿವೆ. ಹೊರಸುತ್ತಿನ ಬಿಳಿ ಮರದಲ್ಲಿ ಅದೇನೂ ಇಲ್ಲ. ತೇಗದ್ದೇ ಆದರೂ ಅದು ಮಳೆಗೆ ಬೇಗ ಮೆತ್ತಗಾಗುತ್ತದೆ, ಹುಳಕ್ಕೆ ಬೇಗ ಸಿಗುತ್ತದೆ.

ಸರ್ಕಾರಿ ನೆಡುತೋಪುಗಳಲ್ಲಿ ತೇಗವನ್ನು ಐವತ್ತು ವರ್ಷಕ್ಕೂ ಹೆಚ್ಚು ಬೆಳೆಸುವ ರೂಢಿಯಿತ್ತು. ಕೇರಳದ ನಿಲಂಬೂರಿನಲ್ಲಿ 1840ರ ದಶಕದಲ್ಲಿ ನೆಟ್ಟ ತೇಗಗಳು ಇನ್ನೂ ನಿಂತಿವೆ. ಖಾಸಗಿ ತೋಟದ ತೇಗ ಇಪ್ಪತ್ತು–ಇಪ್ಪತ್ತೈದು ವರ್ಷಕ್ಕೇ ಕೊಡಲಿಗೆ ಬರುತ್ತದೆ. ಎಳೆಯ ಮರದಲ್ಲಿ ಚೇಗು ಕಡಿಮೆ, ಬಿಳಿ ಮರ ಹೆಚ್ಚು. ಹಾಗಾಗಿ ‘ತೇಗದ ಬೆಂಚು’ ಎಂಬ ಒಂದೇ ಹೆಸರಿನಲ್ಲಿ ಇಪ್ಪತ್ತೈದು ವರ್ಷ ಬಾಳುವುದೂ ಇದೆ, ಐದಾರು ವರ್ಷಕ್ಕೆ ಪಟ್ಟಿ ಕಳಚುವುದೂ ಇದೆ.

ಮರವನ್ನು ಕೊಳೆಸುವುದು ಮಳೆಗಿಂತ ಹೆಚ್ಚಾಗಿ ನಿಂತ ನೀರು. ಮರದ ತೇವಾಂಶ ಶೇ 20ರೊಳಗೆ ಇದ್ದರೆ ಶಿಲೀಂಧ್ರ ಬೆಳೆಯಲಾರದು. ಪಟ್ಟಿಗಳ ನಡುವೆ ಸಂದು ಬಿಟ್ಟು ನೀರು ಇಳಿದುಹೋಗುವಂತೆ ಮಾಡಿದರೆ, ಕಾಲುಗಳು ಮಣ್ಣಿಗೆ ತಾಗದಂತೆ ಕಲ್ಲಿನ ಮೇಲೆ ನಿಲ್ಲಿಸಿದರೆ, ಪಟ್ಟಿಯ ತುದಿಗಳಿಗೆ ಎಣ್ಣೆ ಕುಡಿಸಿದರೆ ಅರ್ಧ ಆಯುಷ್ಯ ಗೆದ್ದಂತೆ. ಮರ ನೀರು ಹೀರುವುದು ಹೆಚ್ಚಾಗಿ ಕೊಯ್ದ ತುದಿಯಿಂದಲೇ. ಕರಾವಳಿಯಲ್ಲಿ ದೋಣಿಗಳಿಗೆ ಗೇರುಸಿಪ್ಪೆಯ ಎಣ್ಣೆ ಬಳಿಯುತ್ತಿದ್ದುದರ ಹಿಂದಿದ್ದ ತಿಳಿವಳಿಕೆಯೂ ಇದೇ: ನೀರು ಒಳಗೆ ಹೋಗಬಾರದು.

ಒಂದು ವಿಷಯ ಗಮನದಲ್ಲಿರಲಿ. ಒಳ್ಳೆಯ ಚೇಗಿನ ತೇಗ ಬಿಸಿಲಿಗೆ ಬೂದು ಬಣ್ಣಕ್ಕೆ ತಿರುಗಿದರೆ ಹೆದರಬೇಕಿಲ್ಲ. ಅದು ಮೇಲ್ಮೈಯ ಬದಲಾವಣೆ ಅಷ್ಟೇ. ಪಾಲಿಶ್ ಅಂದಕ್ಕೆ ಬೇಕು, ಬಾಳಿಕೆಗೆ ಅಷ್ಟು ಬೇಡ. ಅಗ್ಗದ ಮರಕ್ಕೆ ಹಾಗಲ್ಲ. ಅದಕ್ಕೆ ಬಣ್ಣ, ವಾರ್ನಿಷ್ ಎಂಬ ಹೊದಿಕೆ ತಪ್ಪಿದರೆ ಎರಡು ಮಳೆಗಾಲ ಕಳೆಯುವುದೂ ಕಷ್ಟ.

ಹಾಲಿನ ಪ್ಯಾಕೆಟ್ ಪಟ್ಟಿಯಾಗುವ ಬಗೆ

ಇನ್ನು ಎದುರಾಳಿಯ ಕಡೆ ಬರೋಣ. ಪೌರಕಾರ್ಮಿಕರು, ಚಿಂದಿ ಆಯುವವರು, ಗುಜರಿ ಅಂಗಡಿಯವರು ಸಂಗ್ರಹಿಸಿದ ಪ್ಲಾಸ್ಟಿಕ್ಕನ್ನು ಮೊದಲು ಬಗೆಬಗೆಯಾಗಿ ಬೇರ್ಪಡಿಸುತ್ತಾರೆ. ಬೆಂಚಿಗೆ ಒಗ್ಗುವುದು ಮುಖ್ಯವಾಗಿ ಎಚ್‌ಡಿಪಿಇ, ಎಲ್‌ಡಿಪಿಇ ಮತ್ತು ಪಿಪಿ. ಎಣ್ಣೆ ಕ್ಯಾನು, ಶಾಂಪೂ ಬಾಟಲಿ, ಒಡೆದ ಕ್ರೇಟು, ಹಾಲಿನ ಪ್ಯಾಕೆಟ್, ಬಾಟಲಿ ಮುಚ್ಚಳ ಎಲ್ಲ ಈ ಗುಂಪಿನವು. ಇವನ್ನು ತೊಳೆದು, ಚೂರು ಮಾಡಿ, 180–200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗಿಸಿ, ಅಚ್ಚಿಗೆ ತಳ್ಳಿ, ನೀರಿನಲ್ಲಿ ತಣಿಸಿದರೆ ಪಟ್ಟಿ ಸಿದ್ಧ.

ನೀರಿನ ಬಾಟಲಿಯ ಪೆಟ್ ಪ್ಲಾಸ್ಟಿಕ್ ಕರಗುವುದು 250 ಡಿಗ್ರಿ ಹತ್ತಿರ. ಅದು ಈ ಬೆರಕೆಯಲ್ಲಿ ಹೆಚ್ಚು ಸೇರಿದರೆ ಕರಗದೆ ಗಂಟಾಗಿ ಉಳಿದು, ಪಟ್ಟಿ ಅಲ್ಲಿಯೇ ಬಿರುಕು ಬಿಡುತ್ತದೆ. ಪಿವಿಸಿ ಸೇರಿದರೆ ಕಾಯಿಸುವಾಗ ಆಮ್ಲದ ಹೊಗೆ ಏಳುತ್ತದೆ. ಕೆಲಸಗಾರರಿಗೂ ಕೇಡು, ಯಂತ್ರಕ್ಕೂ ಕೇಡು. ಬೆಂಚಿನ ಗುಣಮಟ್ಟ ತೀರ್ಮಾನವಾಗುವುದು ಕಾರ್ಖಾನೆಗೂ ಮುಂಚೆ, ಬೇರ್ಪಡಿಸುವ ಕೈಗಳಲ್ಲಿ.

ಒಂದು ಬೆಂಚಿಗೆ ಎಷ್ಟು ಪ್ಲಾಸ್ಟಿಕ್ ಹೋಗುತ್ತದೆ? ಮರದ ಪಟ್ಟಿ ಒಂದೂವರೆ ಅಂಗುಲ ದಪ್ಪವಿದ್ದ ಕಡೆ ಪ್ಲಾಸ್ಟಿಕ್ ಪಟ್ಟಿ ಎರಡು ಅಂಗುಲವಾದರೂ ಬೇಕು. ಅಂಥ ಎಂಟು ಪಟ್ಟಿಗಳ ತೂಕ ಸುಮಾರು 40 ಕೆ.ಜಿ. ಅರ್ಧ ಲೀಟರ್ ಹಾಲಿನ ಖಾಲಿ ಪ್ಯಾಕೆಟ್ ಸುಮಾರು 3 ಗ್ರಾಂ ಎಂದು ಹಿಡಿದರೆ, ಒಂದು ಬೆಂಚಿನಲ್ಲಿ 13 ಸಾವಿರಕ್ಕೂ ಹೆಚ್ಚು ಪ್ಯಾಕೆಟ್ ಅಡಗುತ್ತವೆ. ದಿನಕ್ಕೆರಡು ಪ್ಯಾಕೆಟ್ ಕೊಳ್ಳುವ ಮನೆಯೊಂದು ಇಷ್ಟು ಖಾಲಿ ಮಾಡಲು 18 ವರ್ಷ ಬೇಕು.

‘ಕಸದಿಂದ ಮಾಡಿದ್ದು, ಆದರೂ ಇಷ್ಟೇಕೆ ಬೆಲೆ’ ಎಂದು ಕೇಳುವವರಿದ್ದಾರೆ. ಕಸ ಪುಕ್ಕಟೆ ಇರಬಹುದು. ಆಯುವುದು, ವಿಂಗಡಿಸುವುದು, ತೊಳೆಯುವುದು, ಸಾಗಿಸುವುದು ಪುಕ್ಕಟೆಯಲ್ಲ. ಸಾಲದ್ದಕ್ಕೆ ಬಿಸಿಲಿನ ನೇರಳಾತೀತ ಕಿರಣ ತಡೆಯುವ ರಾಸಾಯನಿಕ, ಬಣ್ಣ ಬೆರೆಸಬೇಕು. ಕಚ್ಚಾ ತೈಲ ಅಗ್ಗವಾದಾಗ ಹೊಸ ಪ್ಲಾಸ್ಟಿಕ್ಕೇ ಅಗ್ಗಕ್ಕೆ ಸಿಕ್ಕಿ, ಮರುಬಳಕೆಯ ಉದ್ಯಮ ಪೈಪೋಟಿಯಲ್ಲಿ ಸೊರಗುತ್ತದೆ.

ಬಾಗುವ ಗುಣ, ಹಿಗ್ಗುವ ಗುಣ

ಪ್ಲಾಸ್ಟಿಕ್ ಪಟ್ಟಿಗೆ ಗೆದ್ದಲು ಹಿಡಿಯದು, ಕೊಳೆಯದು, ಸಿಬಿರು ಏಳದು. ಆದರೆ ಅದಕ್ಕೆ ತನ್ನದೇ ದೌರ್ಬಲ್ಯಗಳಿವೆ.

ಮೊದಲನೆಯದು ಬಾಗುವುದು. ಬಾಗದೆ ನಿಲ್ಲುವ ಬಿಗುವಿನಲ್ಲಿ ಎಚ್‌ಡಿಪಿಇ ತೇಗದ ಸುಮಾರು ಹತ್ತನೇ ಒಂದು ಭಾಗದಷ್ಟೇ. ಭಾರ ಇಳಿಸಿದ ಮೇಲೂ ಅದು ಪೂರ್ತಿ ಹಿಂದಿರುಗುವುದಿಲ್ಲ. ತಿಂಗಳುಗಟ್ಟಲೆ ಪುಸ್ತಕ ಹೊತ್ತ ಕಪಾಟಿನ ಹಲಗೆ ನಡುವೆ ಜಗ್ಗುವಂತೆ, ವರ್ಷಗಳು ಕಳೆದಂತೆ ಪಟ್ಟಿ ಮೆಲ್ಲಗೆ ಜಗ್ಗುತ್ತದೆ. ಆದ್ದರಿಂದ ಐದು ಅಡಿಯ ಬೆಂಚಿಗೆ ಎರಡು ತುದಿಯ ಕಾಲು ಸಾಲದು, ನಡುವೆ ಮೂರನೆಯದು ಬೇಕೇಬೇಕು. ಎರಡಡಿಗೊಂದು ಆಧಾರ ಎಂಬ ಲೆಕ್ಕ ಸುರಕ್ಷಿತ. ಈ ಮೂರನೆಯ ಕಾಲಿನ ಖರ್ಚು ಉಳಿಸಲು ಹೋದ ಬೆಂಚುಗಳೇ ಮುಂದೆ ತೊಟ್ಟಿಲಾಗುತ್ತವೆ.

ಎರಡನೆಯದು ಬಿಸಿಲಿಗೆ ಹಿಗ್ಗುವುದು. ಮುಂಜಾವಿನ 20 ಡಿಗ್ರಿಯಿಂದ ನಡುಮಧ್ಯಾಹ್ನ ಮೈ 50 ಡಿಗ್ರಿಗೆ ಕಾದರೆ, ಐದು ಅಡಿಯ ಪ್ಲಾಸ್ಟಿಕ್ ಪಟ್ಟಿ ಆರೇಳು ಮಿಲಿಮೀಟರ್ ಉದ್ದವಾಗುತ್ತದೆ. ಅಷ್ಟೇ ಉದ್ದದ ಮರ ಕಾವಿಗೆ ಹಿಗ್ಗುವುದು ಕಣ್ಣಿಗೆ ಕಾಣದಷ್ಟು. ಬೋಲ್ಟಿನ ತೂತು ದುಂಡಗಿದ್ದು ಬಿಗಿಯಾಗಿ ಕೂತಿದ್ದರೆ ಹಿಗ್ಗಲು ಜಾಗವಿಲ್ಲದೆ ಪಟ್ಟಿ ಸೊಟ್ಟಗಾಗುತ್ತದೆ, ಇಲ್ಲವೇ ತೂತಿನ ಬಳಿ ಸೀಳುತ್ತದೆ. ಚೆನ್ನಾಗಿ ಮಾಡಿದ ಬೆಂಚನ್ನು ಬಗ್ಗಿ ಕೆಳಗಿನಿಂದ ನೋಡಿದರೆ ಬೋಲ್ಟಿನ ತೂತುಗಳನ್ನು ದುಂಡಗಲ್ಲದೆ ಉದ್ದಕ್ಕೆ ಕೊರೆದಿರುತ್ತಾರೆ. ತಯಾರಕರಿಗೆ ಕೆಲಸ ಗೊತ್ತಿದೆಯೇ ಇಲ್ಲವೇ ಎಂಬುದಕ್ಕೆ ಆ ತೂತೇ ಸಾಕ್ಷಿ.

ಮೂರನೆಯದು ಬಿಸಿಲು ತಿನ್ನುವುದು. ತಡೆ ರಾಸಾಯನಿಕ ಬೆರೆಸದ ಪ್ಲಾಸ್ಟಿಕ್ ಕೆಲವೇ ಬೇಸಿಗೆಗಳಲ್ಲಿ ಬಣ್ಣಗೆಟ್ಟು, ಮೇಲ್ಮೈ ಪುಡಿಪುಡಿಯಾಗಿ ಬೆರಳಿಗೆ ಅಂಟುತ್ತದೆ. ಹಾಗೆ ಉದುರಿದ ಕಣ ಮಳೆನೀರಿನೊಂದಿಗೆ ಚರಂಡಿಗೆ, ಅಲ್ಲಿಂದ ಕೆರೆಗೆ ಸೇರುತ್ತದೆ.

ಹದಿನೈದು ವರ್ಷದ ಲೆಕ್ಕ

ಈಗ ಕಾಗದ ಪೆನ್ನು ಹಿಡಿಯೋಣ. ಕೆಳಗಿನ ದರಗಳು ಲೆಕ್ಕದ ದಾರಿ ತೋರಿಸಲು ಇಟ್ಟುಕೊಂಡವು. ಊರಿಗೊಂದು, ಅಂಗಡಿಗೊಂದು ದರವಿರುವುದರಿಂದ ನಿಮ್ಮ ಕೈಗೆ ಬಂದ ಕೊಟೇಶನ್ನಿನ ಅಂಕಿಯನ್ನು ಇದೇ ಜಾಗದಲ್ಲಿ ಹಾಕಿ ನೋಡಿ.

ತೇಗ: ಘನ ಅಡಿಗೆ 4,000 ರೂ.ನಂತೆ ಒಂದೂವರೆ ಘನ ಅಡಿಗೆ 6,000 ರೂ. ಬೀಡು ಕಬ್ಬಿಣದ ಕಾಲಿಗೆ 3,500. ಬಡಗಿ ಕೂಲಿ, ಸ್ಕ್ರೂ, ಪಾಲಿಶ್ ಸೇರಿ 3,000. ಒಟ್ಟು 12,500 ರೂ. ಎರಡು ವರ್ಷಕ್ಕೊಮ್ಮೆ ಎಣ್ಣೆ ಕುಡಿಸಲು 1,000 ರೂ.ನಂತೆ ಏಳು ಸಲಕ್ಕೆ 7,000. ನಡುವೆ ಒಮ್ಮೆ ಎರಡು ಪಟ್ಟಿ ಬದಲಿಸಲು 2,500. ಹದಿನೈದು ವರ್ಷಕ್ಕೆ 22,000 ರೂ.; ವರ್ಷಕ್ಕೆ ಸುಮಾರು 1,470.

ಅಗ್ಗದ ಮರ: ಘನ ಅಡಿಗೆ 1,000 ರೂ. ಎಂದರೂ ಕಾಲು, ಕೂಲಿ ಅಷ್ಟೇ ಆಗುವುದರಿಂದ ಮೊದಲ ಖರ್ಚು 8,000 ರೂ. ಐದು ವರ್ಷಕ್ಕೊಮ್ಮೆ ಎಲ್ಲ ಪಟ್ಟಿ ಬದಲಿಸಲು 3,500ರಂತೆ ಎರಡು ಸಲಕ್ಕೆ 7,000. ಉಳಿದ 12 ವರ್ಷ ಬಣ್ಣಕ್ಕೆ 800ರಂತೆ 9,600. ಒಟ್ಟು 24,600 ರೂ.; ವರ್ಷಕ್ಕೆ 1,640.

ಮರುಬಳಕೆಯ ಪ್ಲಾಸ್ಟಿಕ್: ಮೂರು ಕಾಲು, ಸಾಗಣೆ ಸೇರಿ 15,000 ರೂ. ಸೋಪಿನ ನೀರಿನಲ್ಲಿ ತೊಳೆದು ಬೋಲ್ಟು ಬಿಗಿಯಲು ಮೊದಲ ವರ್ಷ ಬಿಟ್ಟು ವರ್ಷಕ್ಕೆ 150ರಂತೆ 2,100. ಒಟ್ಟು 17,100 ರೂ.; ವರ್ಷಕ್ಕೆ 1,140.

ಕೊಳ್ಳುವ ದಿನ ಎಲ್ಲಕ್ಕಿಂತ ಅಗ್ಗವಾಗಿದ್ದ 8,000 ರೂ. ಬೆಂಚು ಕೊನೆಗೆ ಎಲ್ಲಕ್ಕಿಂತ ದುಬಾರಿಯಾಯಿತು. ಎಲ್ಲಕ್ಕಿಂತ ದುಬಾರಿಯಾಗಿದ್ದ ಪ್ಲಾಸ್ಟಿಕ್ಕಿನದು ಅಗ್ಗವಾಯಿತು. ಮರದ ಖರ್ಚು ವರ್ಷ ವರ್ಷ ಹರಿದು ಬರುತ್ತದೆ, ಪ್ಲಾಸ್ಟಿಕ್ಕಿನದು ಬಹುಪಾಲು ಮೊದಲ ದಿನವೇ ಮುಗಿದುಹೋಗುತ್ತದೆ.

ಆದರೆ ಇಷ್ಟಕ್ಕೇ ತೀರ್ಪು ಕೊಡುವಂತಿಲ್ಲ. ಮೂರು ಸಾವಿರ ಉಳಿಸಲೆಂದು 12,000 ರೂ.ಗೆ ಕಳಪೆ ಪ್ಲಾಸ್ಟಿಕ್ ಬೆಂಚು ತಂದು, ಅದು ಏಳೇ ವರ್ಷಕ್ಕೆ ಜಗ್ಗಿ ಸೀಳಿದರೆ ವರ್ಷದ ಖರ್ಚು 1,840 ರೂ. ದಾಟುತ್ತದೆ. ಮೂರರಲ್ಲಿ ಯಾವುದಕ್ಕಿಂತಲೂ ಅದು ಹೆಚ್ಚು. ಒಳ್ಳೆಯ ಚೇಗಿನ ತೇಗವನ್ನು ಆರೈಕೆ ಮಾಡಿ 25 ವರ್ಷ ಬಾಳಿಸಿದರೆ, ಇನ್ನೊಮ್ಮೆ ಪಟ್ಟಿ ಬದಲಿಸಿದ್ದನ್ನೂ ಸೇರಿಸಿ, ವರ್ಷಕ್ಕೆ 1,180 ರೂ.ಗೆ ಇಳಿಯುತ್ತದೆ. ಆಗ ಅದು ಪ್ಲಾಸ್ಟಿಕ್ಕಿಗೆ ಹೆಚ್ಚುಕಡಿಮೆ ಸಮ. ಬೆಂಚು ಯಾವುದರದ್ದು ಎನ್ನುವಷ್ಟೇ ಮುಖ್ಯ, ಅದು ಎಂಥದ್ದು ಮತ್ತು ಅದನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದು.

ಊರು ಬದಲಾದರೆ ಉತ್ತರವೂ ಬದಲು

ಕರ್ನಾಟಕದಲ್ಲಿ ಒಂದೇ ಉತ್ತರ ಎಲ್ಲ ಊರಿಗೂ ಒಪ್ಪುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ, ಚಳ್ಳಕೆರೆಯಲ್ಲಿ 500 ಮಿ.ಮೀ. ದಾಟುವುದೇ ಕಷ್ಟ. ಮಲೆನಾಡು, ಕರಾವಳಿಯಲ್ಲಿ ತಿಂಗಳುಗಟ್ಟಲೆ ಒಣಗದ ಮರ ಹಾವಸೆ ಕಟ್ಟಿ ಜಾರುತ್ತದೆ. ಅಲ್ಲಿ ಬಯಲಲ್ಲಿ ಇಡುವ ಬೆಂಚಿಗೆ ಪ್ಲಾಸ್ಟಿಕ್ ಪಟ್ಟಿಯೇ ವಾಸಿ. ಆದರೆ ಕಡಲ ತೀರದ ಉಪ್ಪು ಗಾಳಿಗೆ ಸಾಧಾರಣ ಕಬ್ಬಿಣದ ಬೋಲ್ಟು ನಿಲ್ಲದು, ತುಕ್ಕು ಹಿಡಿಯದ ಸ್ಟೀಲಿನದು ಬೇಕು.

ರಾಯಚೂರು, ಕಲಬುರಗಿಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ನೆರಳಿಲ್ಲದ ಕಡೆ ಇಟ್ಟ ಕಡುಬಣ್ಣದ ಪ್ಲಾಸ್ಟಿಕ್ ಬೆಂಚಿನ ಮೇಲೆ ಮಧ್ಯಾಹ್ನ ಕೂರಲಾಗದು. ಅಲ್ಲಿ ಒಣ ಹವೆಯಿಂದ ಮರ ಹೆಚ್ಚು ಕಾಲ ಬಾಳುತ್ತದೆ. ಬೇವಿನ ಮರದ ನೆರಳು, ತಿಳಿ ಬಣ್ಣ – ಇವೆರಡಿದ್ದರೆ ಮಾತ್ರ ಪ್ಲಾಸ್ಟಿಕ್ ಯೋಚಿಸಬಹುದು.

ಮನೆಯ ಜಗಲಿ, ಪೋರ್ಟಿಕೊ, ದೇವಸ್ಥಾನದ ಮಂಟಪದಂಥ ಸೂರಿನಡಿಯ ಜಾಗಕ್ಕೆ ಮರವೇ ಸರಿ. ಮಳೆ ತಾಗದ ಕಡೆ ಪ್ಲಾಸ್ಟಿಕ್ಕಿನ ಮುಖ್ಯ ಗುಣವೇ ಕೆಲಸಕ್ಕೆ ಬಾರದು. ಹಳೆ ಮನೆ ಕೆಡವಿದಾಗ ಬರುವ ತೊಲೆ, ಬಾಗಿಲುವಾಡಗಳ ತೇಗ, ಹೊನ್ನೆ, ಮತ್ತಿ ಹಳೆ ಮರದ ಅಂಗಡಿಗಳಲ್ಲಿ ಸಿಗುತ್ತದೆ. ದಶಕಗಟ್ಟಲೆ ಒಣಗಿ ಹದಗೊಂಡ ಚೇಗು ಅದು. ಮೊಳೆ ಕಿತ್ತು ಕೀಸುವ ಕೂಲಿ ಹೆಚ್ಚಾದರೂ ಕೊಟ್ಟ ಹಣಕ್ಕೆ ಮೋಸವಿಲ್ಲ. ಮರುಬಳಕೆ ಎಂಬುದು ಪ್ಲಾಸ್ಟಿಕ್ಕಿಗೆ ಮಾತ್ರ ಮೀಸಲಲ್ಲ.

ನಮ್ಮ ಉದ್ಯಾನಗಳಲ್ಲಿ ಇವೆರಡಕ್ಕೂ ಹಿರಿಯನಾದ ಕಲ್ಲುಬೆಂಚೂ ಇದೆ. ಬಣ್ಣ ಬೇಡ, ಎಣ್ಣೆ ಬೇಡ, ಕದಿಯಲಾಗದು. ಆದರೆ ಸಾಮಾನ್ಯವಾಗಿ ಅದಕ್ಕೆ ಒರಗು ಇರುವುದಿಲ್ಲ, ಕೈ ಊರಿ ಏಳಲು ಹಿಡಿ ಇರುವುದಿಲ್ಲ. ಮಂಡಿನೋವಿನ ಹಿರಿಯರಿಗೆ ಬೇಕಾದದ್ದು ಆ ಎರಡೇ. ಯಾವ ಬೆಂಚು ಕೊಂಡರೂ ಒರಗು, ಕೈಹಿಡಿಗಳ ಖರ್ಚಿನಲ್ಲಿ ಮಾತ್ರ ಜಿಪುಣತನ ಮಾಡಬಾರದು.

ಬಿಲ್ಲಿನಲ್ಲಿ ಕಾಣದ ಖರ್ಚು

ಬೆಂಚಿನ ಖರ್ಚನ್ನು ಊರೂ ಹೊರುತ್ತದೆ. ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಬಂದದ್ದು 2016ರಲ್ಲಿ. ಪ್ಯಾಕಿಂಗ್ ಪ್ಲಾಸ್ಟಿಕ್ಕಿನ ವಿಲೇವಾರಿ ಹೊಣೆಯನ್ನು ಉತ್ಪಾದಕರಿಗೆ ಅಂಕಿಅಂಶಗಳ ಗುರಿಯೊಂದಿಗೆ ಹೊರಿಸಿದ್ದು 2022ರ ತಿದ್ದುಪಡಿ. ಅದೇ ವರ್ಷ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಕೆಲವು ವಸ್ತುಗಳು ನಿಷೇಧವಾದವು. ಆದರೂ ಸಂಗ್ರಹವಾದ ಪ್ಲಾಸ್ಟಿಕ್ಕಿಗೆ ಕೊಳ್ಳುವವರು ಬೇಕಲ್ಲ! ಸಾರ್ವಜನಿಕ ಸಂಸ್ಥೆಗಳು ಇಂಥ ಬೆಂಚು ಕೊಂಡಾಗ ಒಣ ತ್ಯಾಜ್ಯ ಸಂಗ್ರಹ ಕೇಂದ್ರದಲ್ಲಿ ವಿಂಗಡಿಸುವವರ ಕೈಗೆ ಕೂಲಿ ಸಿಗುತ್ತದೆ, 40 ಕೆ.ಜಿ. ಪ್ಲಾಸ್ಟಿಕ್ ಚರಂಡಿಗೋ ಬೆಂಕಿಗೋ ಹೋಗುವುದು ತಪ್ಪುತ್ತದೆ.

ಹಾಗೆಂದು ಸಮಸ್ಯೆ ಅಲ್ಲಿಗೆ ಮುಗಿಯಿತೆಂದು ತಿಳಿಯಬಾರದು. ಬೆಂಚಿನ ಆಯುಷ್ಯ ತೀರಿದ ದಿನ ಆ 40 ಕೆ.ಜಿ. ಮತ್ತೆ ಕಸವೇ. ತಯಾರಕರು ಹಿಂದಕ್ಕೆ ಒಯ್ಯುವ ಕರಾರಿದ್ದರೆ ಮಾತ್ರ ಅದು ಮತ್ತೊಮ್ಮೆ ಪಟ್ಟಿಯಾಗುತ್ತದೆ. ಒಣಮರದ ತೂಕದಲ್ಲಿ ಸುಮಾರು ಅರ್ಧದಷ್ಟು ಇಂಗಾಲ. ಗಾಳಿಯಿಂದ ಹೀರಿದ ಆ ಇಂಗಾಲವನ್ನು ಮರದ ಬೆಂಚು ಬಾಳುವಷ್ಟು ಕಾಲ ಹಿಡಿದಿಟ್ಟುಕೊಳ್ಳುತ್ತದೆ. ಕೊನೆಗೆ ಮಣ್ಣಿಗೆ ಸೇರಿದರೂ ವಿಷವಿಲ್ಲ. ನೆಟ್ಟು ಬೆಳೆಸಿದ ಮರವಾಗಿದ್ದರೆ ಅದರ ಪರವಾಗಿಯೂ ಗಟ್ಟಿ ವಾದವಿದೆ.

ಕೊಳ್ಳುವ ಮುನ್ನ ಬರೆಸಿಕೊಳ್ಳಿ

ಸರ್ಕಾರಿ ಖರೀದಿಯಲ್ಲಿ 1999ರ ಪಾರದರ್ಶಕತೆ ಕಾಯ್ದೆಯಡಿ ಟೆಂಡರ್ ನಡೆಯುತ್ತದೆ. ಷರತ್ತು ಪೂರೈಸಿದವರಲ್ಲಿ ಕಡಿಮೆ ದರದವರಿಗೆ ಕೆಲಸ ಸಿಗುವುದು ರೂಢಿ. ಆದ್ದರಿಂದ ಬಾಳಿಕೆಯನ್ನು ಷರತ್ತಿನಲ್ಲೇ ಬರೆಯಬೇಕು. ಬರೆಯದಿದ್ದರೆ ಐದು ವರ್ಷದ ಬೆಂಚು ಹದಿನೈದು ವರ್ಷದ ಬೆಂಚನ್ನು ಪ್ರತಿ ಸಲವೂ ಸೋಲಿಸುತ್ತದೆ, ನಷ್ಟ ತೆರಿಗೆ ಕಟ್ಟಿದವರಿಗೆ. ಬಡಾವಣೆ ಸಂಘ, ಅಪಾರ್ಟ್‌ಮೆಂಟ್ ಸಮಿತಿ, ಶಾಲೆಯ ಎಸ್‌ಡಿಎಂಸಿಗಳಿಗೂ ಇದೇ ಮಾತು.

ಪ್ಲಾಸ್ಟಿಕ್ ಆದರೆ ಬಿಸಿಲು ತಡೆಯುವ ರಾಸಾಯನಿಕ ಬೆರೆಸಿದ್ದಾರೆಯೇ, ಎರಡಡಿಗೊಂದು ಆಧಾರವಿದೆಯೇ, ಬೋಲ್ಟಿನ ತೂತು ಉದ್ದಕ್ಕಿದೆಯೇ, ಹತ್ತು ವರ್ಷವಾದರೂ ಗ್ಯಾರಂಟಿ ಇದೆಯೇ, ಕೊನೆಗೆ ಹಿಂದಕ್ಕೆ ಒಯ್ಯುತ್ತಾರೆಯೇ – ಈ ಐದನ್ನು ಬರವಣಿಗೆಯಲ್ಲಿ ಪಡೆಯಿರಿ. ಮರವಾದರೆ ಬಿಳಿ ಭಾಗವಿಲ್ಲದ ಚೇಗು, ತುಕ್ಕು ಹಿಡಿಯದ ಸ್ಕ್ರೂ, ಮಣ್ಣಿಗೆ ತಾಗದ ಕಾಲು, ಒಂದೊಂದೇ ಪಟ್ಟಿ ಬಿಚ್ಚಿ ಬದಲಿಸುವ ಅನುಕೂಲ – ಈ ನಾಲ್ಕನ್ನು ನೋಡಿ. ಆರೈಕೆಗೆ ವರ್ಷ ವರ್ಷ ಹಣ ಎತ್ತಿಡುವವರಿದ್ದರೆ ತೇಗ ಹಾಕಿಸಿ. ಎತ್ತಿಡುವವರಿಲ್ಲದಿದ್ದರೆ, ನಮ್ಮ ಬಹುಪಾಲು ಸಾರ್ವಜನಿಕ ಉದ್ಯಾನಗಳ ಸ್ಥಿತಿ ಅದೇ ಆದ್ದರಿಂದ, ಮೂರು ಕಾಲಿನ ಒಳ್ಳೆಯ ಪ್ಲಾಸ್ಟಿಕ್ ಬೆಂಚೇ ಸರಿಯಾದ ಆಯ್ಕೆ. ಮುಂದಿನ ಸಭೆಯಲ್ಲಿ ಯಾರಾದರೂ ಕೊಟೇಶನ್ ಹಿಡಿದು ಬಂದರೆ ‘ಬೆಲೆ ಎಷ್ಟು’ ಎಂದು ಕೇಳಿ ಸುಮ್ಮನಾಗಬೇಡಿ. ‘ವರ್ಷಕ್ಕೆ ಎಷ್ಟು ಬೀಳುತ್ತದೆ’ ಎಂದು ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.